ಸಮುದ್ರದ ಹಸು ನೋಡಲು ಹೋದ ಬಯ್ಯಪ್ಪ

ನಮ್ಮಪ್ಪ ಬಯ್ಯಪ್ಪ ಚಿಂತಾಮಣಿಯ ದನದ ಆಸ್ಪತ್ರೆಯಲ್ಲಿ ಜವಾನ. ಜ್ವರ ಬಂದ ಹಸುವಿನ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹುಯ್ಯುವುದು, ಒದೆ ತಿನ್ನುವುದು, ಸಂಜೆ ಬಂದು ಗೋಡೆಗೆ ಒರಗುವುದು, ಇಷ್ಟೇ ಅವನ ಬಾಳು. ಯಾವುದಕ್ಕೂ ಆಸೆಪಟ್ಟವನಲ್ಲ. ಅಂಥವನಿಗೆ ಡಾಕ್ಟರು ಒಂದು ದಿನ, ಅಂಡಮಾನಿನ ಕಡಲಲ್ಲಿ ಹುಲ್ಲು ಮೇಯುವ, ಮರಿಗೆ ಹಾಲೂಡಿಸುವ ಪ್ರಾಣಿಯಿದೆ, ಅದನ್ನು ಸಮುದ್ರದ ಹಸು ಅಂತಲೇ ಕರೆಯುತ್ತಾರೆ ಅಂದುಬಿಟ್ಟರು. ತಗೋ, ಹುಚ್ಚು ಹಿಡಿಯಿತು!

ಅರವತ್ತೆರಡನೇ ಇಸವಿಯಲ್ಲಿ, ಅಲ್ಲಿ ನೆಲೆಸಿದ ರೈತರಿಗೆ ಮದರಾಸಿನಿಂದ ಹಡಗಿನಲ್ಲಿ ಹಸುಗಳನ್ನು ಕಳಿಸುವಾಗ ಜೊತೆಗೆ ಹೋಗಲು ಯಾರೂ ಒಪ್ಪಲಿಲ್ಲ. ಅಪ್ಪ ತಾನೇ ಹೋಗುತ್ತೇನೆಂದ.

"ನೀರಲ್ಲಿರೋ ಹಸು ನೋಡಕ್ಕೆ ಕೊಟ್ಟಿಗೇಲಿರೋ ಹಸು ಬಿಟ್ಟು ಹೋಗ್ತೀರಾ?" ಅಂತ ಅಮ್ಮ ರೇಗಿದಳು.

"ಇದೊಂದು ನೋಡ್ಕೊಂಡು ಬಂದ್ಬಿಡ್ತೀನಿ ಕಣೇ. ಇನ್ನೇನೂ ಕೇಳಲ್ಲ."

ಹಡಗಿನಲ್ಲಿ ಸಗಣಿಯನ್ನೂ ತನ್ನ ವಾಂತಿಯನ್ನೂ ಒಂದೇ ಮಂಕರಿಗೆ ಬಾಚಿದನಂತೆ. ದ್ವೀಪ ಮುಟ್ಟಿದ ಮೇಲೂ ಬಿಡುವಿಲ್ಲ. ಕೊನೆಗೆ, ಸಂಜೆ ವಾಪಸು ಹಡಗು ಹತ್ತಬೇಕು ಅನ್ನುವ ದಿನ, ಶ್ರೀಕಾಕುಳದ ಕಡೆಯ ಬೆಸ್ತನೊಬ್ಬ ದೋಣಿಯಲ್ಲಿ ಕರೆದೊಯ್ದ. ಬಿಸಿಲು ನೆತ್ತಿಗೇರಿತು. ದಣಿದಿದ್ದ ಅಪ್ಪ ಕೂತಲ್ಲೇ ತೂಕಡಿಸಿದ. ಆಗ ಬೆಸ್ತ ಅವನ ಪಕ್ಕದ ನೀರಿಗೆ ಬೆರಳು ತೋರಿಸಿ ಕೂಗಿದ: "ಆವು! ಅದಿಗೋ ಆವು!"

ತೆಲುಗಿನಲ್ಲಿ ಆವು ಅಂದರೆ ಹಸು. ಅಪ್ಪನಿಗೆ ಗೊತ್ತಿಲ್ಲವೇ? ಅಮ್ಮನ ತವರು ತೆಲುಗು, ಮದುವೆಯಾದಾಗಿನಿಂದ ಆ ಮಾತು ಕೇಳಿದವನೇ. ಆದರೆ ನಮ್ಮೂರ ಕನ್ನಡದಲ್ಲಿ, ಗಾಬರಿಯಾದಾಗ 'ಹ' ಯಾರ ಬಾಯಲ್ಲಿ ನಿಲ್ಲುತ್ತದೆ? ಹಾವೂ ನಮಗೆ ಆವೇ. ನಿದ್ದೆಗಣ್ಣಿನ ಅಪ್ಪ ಎರಡೂ ಕಾಲೆತ್ತಿ, ಕಣ್ಣು ಮುಚ್ಚಿ, "ಅಯ್ಯಯ್ಯೋ!" ಅಂತ ದೋಣಿಯ ತಳಕ್ಕೆ ಬಿದ್ದ. ಎದ್ದು ನೋಡಿದರೆ ಬರೀ ನೀರು. ಇನ್ನೊಂದು ಗಳಿಗೆ ಕಾಯೋಣವೆಂದು ಅಂಗಲಾಚಿದ. "ಇಂಕ ರಾದಯ್ಯಾ, ಇನ್ನು ಬರಲ್ಲ" ಅಂತ ಬೆಸ್ತ ದೋಣಿ ತಿರುಗಿಸಿದ.

ಊರಿಗೆ ಬಂದ ದಿನವೇ ಪಕ್ಕದ ಮನೆಯ ಪಿಳ್ಳಪ್ಪ ವಕ್ಕರಿಸಿದ. "ಏನಯ್ಯಾ, ನಿನ್ನ ಹಸುವಿಗೆ ಕೊಂಬಿತ್ತಾ?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ತ್ರಾಣವಿರಲಿಲ್ಲವೇನೋ, ಅಪ್ಪ ನಡೆದದ್ದನ್ನೇ ಹೇಳಿದ. ಪಿಳ್ಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗಂತೂ ಅವನ ಹಲ್ಲು ಉದುರಿಸಬೇಕೆನ್ನಿಸಿತು.

ಅವನು ಹೋದ ಮೇಲೆ ಅಮ್ಮ ಕಾಲಿಗೆ ಬಿಸಿನೀರು ತಂದಿಟ್ಟಳು. ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಅಷ್ಟು ದೂರ ಹೋಗಿ, ಕಣ್ ಮುಚ್ಕೊಂಬಿಟ್ನಲ್ಲೇ!"

ಅಮ್ಮ ನಗಲಿಲ್ಲ. ಅವನ ಪಾದ ಎತ್ತಿ ನೀರಿಗೆ ಬಿಟ್ಟಳು.

"ಹೋಗ್ಲಿ ಬಿಡಿ. ಅದಾದ್ರೂ ನಿಮ್ಮನ್ನ ನೋಡ್ತಲ್ಲ."