ಕಾಣೆಯಾದ ಒಂದೂಕಾಲು ಕಿಲೋ

ಒಂದೂಕಾಲು ಕಿಲೋ ಮಗು ಹನ್ನೆರಡು ದಿನದಲ್ಲಿ ಎಲ್ಲಿಗೆ ಹೋಯಿತು? ಹಲ್ಲುಜ್ಜುವಾಗ, ಬಸ್ಸಿನಲ್ಲಿ ಜೋತಾಡುವಾಗ, ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುವಾಗ ಕೂಡ ಅವಳ ತಲೆಯನ್ನು ಇದೊಂದೇ ಪ್ರಶ್ನೆ ಕೊರೆಯುತ್ತಿತ್ತು. ಆರೋಗ್ಯ ಕೇಂದ್ರದ ಕಾರ್ಡಿನಲ್ಲಿ ನರ್ಸಮ್ಮ ಕೈಯಾರೆ ಬರೆದದ್ದು ಹನ್ನೆರಡೂವರೆ. ಮನೆಯ ಕೆಳಗಿನ ಗುಜರಿ ಅಂಗಡಿಯ ಕೊಕ್ಕೆ ತಕ್ಕಡಿಯಲ್ಲಿ ಇವಳೇ ಕಣ್ಣಾರೆ ಕಂಡದ್ದು ಹನ್ನೊಂದೂಕಾಲು. ಮೂರು ವರ್ಷದ ಹೆಣ್ಣುಮಗು. ಶೀತವಿಲ್ಲ, ಕೆಮ್ಮಿಲ್ಲ, ದಿನವಿಡೀ ಮಂಚದಿಂದ ನೆಲಕ್ಕೆ, ನೆಲದಿಂದ ಮಂಚಕ್ಕೆ ಹಾರುವುದೇ ಕೆಲಸ. ಅಂಥದ್ದು ಬಚ್ಚಲಲ್ಲಿಟ್ಟ ಸೋಪಿನ ಹಾಗೆ ಸದ್ದಿಲ್ಲದೆ ಕರಗಿಹೋದರೆ ಹೆತ್ತವಳು ಏನೆಂದುಕೊಳ್ಳಬೇಕು?

ಮಗುವನ್ನು ಗುಜರಿ ಅಂಗಡಿಯಲ್ಲಿ ತೂಗಿಸುವ ಉಪಾಯ ಅವಳದೇ. ಆರೋಗ್ಯ ಕೇಂದ್ರದಲ್ಲಿ ತೂಕ ನೋಡುವುದು ಎರಡು ತಿಂಗಳಿಗೊಮ್ಮೆ. ಅಲ್ಲಿಯವರೆಗೆ ತಡೆಯುವ ಜೀವ ಅವಳದಲ್ಲ. ಹಾಲು ಉಕ್ಕೀತೆಂದು ಮೊದಲೇ ಒಲೆ ಆರಿಸಿ, ಕಾದಿದೆಯೋ ಇಲ್ಲವೋ ಎಂದು ಮತ್ತೆ ಹಚ್ಚಿ, ಕೊನೆಗೆ ಉಕ್ಕಿಸಿಯೇ ತೀರುವವಳು. ಆ ಭಾನುವಾರ ಹಳೇ ಪೇಪರು ಹಾಕಲು ಹೋದಾಗ ಕೊಕ್ಕೆ ಕಣ್ಣಿಗೆ ಬಿತ್ತು. ಗುಜರಿಯವನು ಒಳ್ಳೆಯವನು, ಇಲ್ಲವೆನ್ನಲಿಲ್ಲ. ಮಗುವನ್ನು ಬಟ್ಟೆಚೀಲದಲ್ಲಿ ಕೂರಿಸಿ, ತುಕ್ಕು ಹಿಡಿದ ಸೈಕಲ್ಲು ಮತ್ತು ಖಾಲಿ ಬಾಟಲಿಗಳ ನಡುವೆ ನೇತುಹಾಕಿದ. ಮಗು ಜೋಕಾಲಿ ಆಡಿ ಕೇಕೆ ಹಾಕಿತು.

"ಹನ್ನೊಂದೂಕಾಲು ಅಕ್ಕ."

"ಸರಿಯಾಗಿ ನೋಡಪ್ಪ!"

"ಸರಿಯಾಗೇ ನೋಡಿದೀನಿ. ಅದೂ ಚೀಲ ಸೇರಿ."

ಚೀಲ ಸೇರಿ! ಅವಳು ಪೇಪರಿನ ದುಡ್ಡನ್ನೂ ಮರೆತು ಮಗುವನ್ನು ಎತ್ತಿಕೊಂಡು ಹೊರಟಳು.

ಮೆಟ್ಟಿಲು ಹತ್ತುವಷ್ಟರಲ್ಲಿ ಅಪರಾಧಿ ಯಾರೆಂದು ತೀರ್ಮಾನವಾಗಿಬಿಟ್ಟಿತ್ತು. ಮನೆಯಲ್ಲಿ ಅಡುಗೆ ಮಾವನವರದು. ನಲವತ್ತು ವರ್ಷ ಹಾಸ್ಟೆಲಿನಲ್ಲಿ ಮುನ್ನೂರು ಹುಡುಗರಿಗೆ ಬೇಯಿಸಿ ಹಾಕಿ ನಿವೃತ್ತರಾದವರು. ಗಂಡ ಲಿಫ್ಟು ರಿಪೇರಿ ಮಾಡುವವನು. ಅವನ ಸಂಬಳ, ಇವಳ ಸಂಬಳ ಸೇರಿಸಿದರೂ ಬಾಡಿಗೆ ಕೊಟ್ಟ ಮೇಲೆ ತಿಂಗಳು ತುಂಬ ಉದ್ದವಾಗಿ ಕಾಣುತ್ತಿತ್ತು. ಆ ಉದ್ದದ ತಿಂಗಳನ್ನು ದಡ ಮುಟ್ಟಿಸುತ್ತಿದ್ದವರು ಮಾವನವರೇ. ಮಾರುಕಟ್ಟೆ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಚೀಲ ಹಿಡಿದು ಹೊರಡುವರು. ಸೊಟ್ಟ ಕ್ಯಾರೆಟ್ಟು, ಸೀಳು ಬಿಟ್ಟ ಟೊಮೆಟೊ, ತಲೆಬಾಗಿದ ಸೊಪ್ಪು, ಬೇರೆಯವರು ಕಿತ್ತೆಸೆದ ಮೂಲಂಗಿ ಎಲೆ, ಹೂಕೋಸಿನ ದಂಟು, ಎಲ್ಲಾ ಅರ್ಧಕ್ಕರ್ಧ ಬೆಲೆಗೆ ಬರುತ್ತಿತ್ತು.

"ಚೆಂದ ನೋಡಿ ಕೊಂಡ್ರೆ ದುಡ್ಡೆಲ್ಲಾ ಚೆಂದಕ್ಕೇ ಹೋಗುತ್ತೆ ಕಣಮ್ಮ. ಪಾತ್ರೆಗೆ ಬಿದ್ಮೇಲೆ ಕ್ಯಾರೆಟ್ಟು ನೆಟ್ಟಗಿತ್ತೋ ಸೊಟ್ಟಗಿತ್ತೋ ಯಾರಿಗೆ ಗೊತ್ತು?" ಎನ್ನುವರು.

ಮಗುವಿಗೆ ಉಣಿಸುವುದರಲ್ಲೂ ಅವರದು ಬೇರೆಯೇ ರೀತಿ. ತುತ್ತು ಹಿಡಿದು ಹಿಂದೆ ಓಡುವವರಲ್ಲ. ಕಾಳು ಸೊಪ್ಪು ಕಲಸಿದ ಅನ್ನದ ತಟ್ಟೆ ಮುಂದಿಟ್ಟುಕೊಂಡು, ಮಗುವಿಗೆ ಬೆನ್ನು ಹಾಕಿ ಕೂತು, ಲೊಟ್ಟೆ ಹೊಡೆಯುತ್ತ ತಾವೇ ತಿನ್ನತೊಡಗುವರು. ಎರಡು ನಿಮಿಷಕ್ಕೆ ಹೆಗಲ ಮೇಲೆ ಪುಟ್ಟ ಗಲ್ಲ ಬಂದು ಕೂರುವುದು. "ನಂಗೆ?" "ನಿಂಗ್ಯಾಕೆ? ಇದು ನಂದು." "ನಂಗೂ!" "ಒಂದೇ ತುತ್ತು, ಗುಂಡಮ್ಮ. ಜಾಸ್ತಿ ಕೇಳಂಗಿಲ್ಲ." ತಟ್ಟೆ ಖಾಲಿ. ಮುನ್ನೂರು ಹುಡುಗರನ್ನು ಪಳಗಿಸಿದ ವಿದ್ಯೆ ಅದು.

ಆದರೆ ಅವಳು ಓದಿದವಳು. ಫೋನಿನಲ್ಲಿ ಮಕ್ಕಳ ಆಹಾರದ ವಿಡಿಯೋಗಳನ್ನು ಪರೀಕ್ಷೆಗೆ ಕೂತವಳಂತೆ ನೋಡುತ್ತಿದ್ದಳು. ಅಲ್ಲಿ ಯಾವ ತಾಯಿಯೂ ಬಾಡಿದ ಸೊಪ್ಪು ಹಿಡಿದು ನಿಂತಿರಲಿಲ್ಲ. ಅಂದು ಊಟಕ್ಕೆ ಕೂತಾಗ ಒಳಗಿನದೆಲ್ಲ ಹೊರಬಿತ್ತು.

"ಮಾವ, ಹಾಸ್ಟೆಲ್ ಹುಡುಗರಿಗೆ ಹಾಕ್ದಂಗೆ ನನ್ನ ಮಗುಗೆ ಹಾಕ್ಬೇಡಿ. ಕಸದ ಬುಟ್ಟಿಗೆ ಹೋಗೋದನ್ನೆಲ್ಲ ಆರಿಸ್ಕೊಂಡು ಬಂದು ತಿನ್ನಿಸ್ತಿದೀರಿ, ಮಗು ಒಣಗ್ತಾ ಇದೆ!"

ಗಂಡ ನೀರಿನ ಲೋಟದೊಳಗೆ ಮುಖ ಹುದುಗಿಸಿದ. ಮಾವನವರು ಊಟ ಮುಗಿಸಿ ತಮ್ಮ ತಟ್ಟೆ ತೊಳೆದಿಟ್ಟರು. ಬೆಳಗ್ಗೆ ಎದ್ದು ನೋಡಿದರೆ, ಹಾಸ್ಟೆಲಿನಿಂದ ತಂದಿದ್ದ ಉದ್ದ ಸೌಟು ಗೋಡೆಯ ಮೇಲಿಲ್ಲ. ಮಾವನವರೂ ಇಲ್ಲ. ದೊಡ್ಡ ಮಗನ ಮನೆಗೆ ಹೋಗಿ ಮುಟ್ಟಿದೆನೆಂದು ಮಧ್ಯಾಹ್ನ ಗಂಡನಿಗೆ ಫೋನು ಬಂತು, ಅವಳಿಗೆ ಬರಲಿಲ್ಲ.

"ಒಂದು ಫೋನ್ ಮಾಡು," ಎಂದ ಗಂಡ.

"ನೀವೇ ಮಾಡ್ರೀ, ನಿಮ್ಮಪ್ಪ ತಾನೆ?"

"ಅಂದೋಳು ನೀನು, ಕ್ಷಮೆ ಕೇಳೋನು ನಾನಾ? ಲಿಫ್ಟ್ ಕೆಟ್ರೆ ಹೇಳು, ಬರ್ತೀನಿ. ಇದು ನನ್ನ ಲೈನಲ್ಲ."

ಅವಳು ಫೋನು ಮಾಡಲಿಲ್ಲ. ತಾನು ಅಂದದ್ದು ಒರಟಾಯಿತೆಂದು ಗೊತ್ತಿತ್ತು. ಆದರೆ ಸುಳ್ಳೇನಲ್ಲವಲ್ಲ? ತಕ್ಕಡಿ ಸುಳ್ಳು ಹೇಳುತ್ತದೆಯೇ?

ಅಲ್ಲಿಂದ ಅಡುಗೆಮನೆ ಅವಳ ವಶವಾಯಿತು. ಒಂದು ವಾರದ ತರಕಾರಿಯ ದುಡ್ಡಿಗೆ ಒಂದು ಡಬ್ಬಿ ಶಕ್ತಿಪುಡಿ ಬಂತು. ಡಬ್ಬಿಯ ಮೇಲಿನ ಮಗುವಿಗೆ ಪೈಲ್ವಾನನ ತೋಳು. ಪರದೇಶದಿಂದ ಹಡಗಿನಲ್ಲಿ ಬಂದ, ಮೇಲೆ ಸ್ಟಿಕರು ಅಂಟಿಸಿದ ಹಣ್ಣು ಬಂತು. ಅದನ್ನು ಯಾವಾಗ ಕತ್ತರಿಸಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದೆ ಮೂರು ದಿನ ಕಲ್ಲಿನಂತಿದ್ದು, ನಾಲ್ಕನೆಯ ದಿನ ಕಪ್ಪಾಯಿತು. ತಟ್ಟೆಯಲ್ಲಿ ಕ್ಯಾರೆಟ್ಟನ್ನು ನಕ್ಷತ್ರದ ಆಕಾರಕ್ಕೆ ಕೊರೆದಿಟ್ಟಳು. ಮಗು ನಕ್ಷತ್ರಗಳನ್ನು ಸಾಲಾಗಿ ಗೊಂಬೆಯ ಹಾಸಿಗೆಯ ಮೇಲೆ ಮಲಗಿಸಿ ಚಾದರ ಹೊದಿಸಿತು. ಚಮಚ ಹತ್ತಿರ ಬಂದರೆ ಸಾಕು, ಬಾಯಿ ಟಪ್ಪೆಂದು ಮುಚ್ಚುತ್ತಿತ್ತು.

"ಬಾಗಿಲು ಜಾಮ್ ಆಗಿದೆ," ಎಂದ ಗಂಡ. "ಬಲವಂತ ಮಾಡ್ಬೇಡ, ಸೆನ್ಸರ್ ಹೋಗುತ್ತೆ."

"ನಿಮಗೆ ಎಲ್ಲಾ ತಮಾಷೆ!"

ಮಗುವಿನ ಡಬ್ಬಿಗೇ ದುಡ್ಡು ಹೋದದ್ದರಿಂದ ದೊಡ್ಡವರಿಬ್ಬರಿಗೆ ದಿನವೂ ಬೇಳೆ, ಅನ್ನ, ಅಗ್ಗದ ಸೊಪ್ಪು. ನೋಡಿಕೊಳ್ಳುವವರಿಲ್ಲದೆ ಮಗುವೂ ಅವಳ ಜೊತೆ ಕನ್ನಡಕದಂಗಡಿಗೆ ಬರತೊಡಗಿತು. ಇಪ್ಪತ್ತು ಫ್ರೇಮುಗಳ ಗಾಜಿನ ಮೇಲೆ ಬೆರಳಚ್ಚು ಒತ್ತಿತು. ಗಿರಾಕಿಯೊಬ್ಬರ ಕನ್ನಡಕ ತೊಟ್ಟು, "ಅಮ್ಮ, ನೀನು ಡುಮ್ಮಿ," ಎಂದು ಸಾರಿತು. ಮಾಲೀಕರು ಮೊದಲ ವಾರ ನಕ್ಕರು, ಎರಡನೆಯ ವಾರ ನಗಲಿಲ್ಲ. ಮೂರನೆಯ ವಾರ, "ನಿಮ್ಮ ಮಾವ ಯಾವಾಗ ಬರ್ತಾರಮ್ಮ?" ಎಂದು ಕೇಳಿದರು.

ಪ್ರತಿ ಭಾನುವಾರ ಗುಜರಿ ಅಂಗಡಿ. ಹನ್ನೊಂದೂಕಾಲು. ಹನ್ನೊಂದೂಕಾಲು. ಐದನೆಯ ಭಾನುವಾರ ಮುಳ್ಳು ಸರಿಯಾಗಿ ಹನ್ನೊಂದಕ್ಕೆ ನಿಂತಿತು.

"ಇದು ಸರಿಯಿದೆಯೇನಪ್ಪ?" ಎಂದಳು.

"ಏನಕ್ಕ ಹಂಗಂತೀರಿ? ಮೊನ್ನೆ ತಾನೆ ರಿಪೇರಿ ಮಾಡ್ಸಿದೀನಿ," ಎಂದ ಗುಜರಿಯವನು. ಹೇಳಿದವನು ಯಾಕೋ ಬೇರೆ ಕಡೆ ನೋಡುತ್ತಿದ್ದ. "ಮಕ್ಕಳು ಹಂಗೇ ಬಿಡಿ. ಇವತ್ತು ಇಳೀತವೆ, ನಾಳೆ ಏರ್ತವೆ. ತಗೋ ಪಾಪು, ಕಡಲೆಕಾಯಿ ತಿನ್ನು." ಎರಡು ಹಿಡಿ ಕೊಟ್ಟ. ಮುಂದಿನ ವಾರ ಬರಬೇಡಿ ಎಂದು ಹೇಳಲೂ ಆಗದ, ಬನ್ನಿ ಎಂದು ಕರೆಯಲೂ ಆಗದ ಮುಖ ಅವನದು. ಇಷ್ಟು ಮರುಗುವ ಮನುಷ್ಯ ಎಲ್ಲಿದ್ದಾನೆ ಎಂದುಕೊಂಡಳು ಅವಳು.

ಆರನೆಯ ಭಾನುವಾರ ದಿನಸಿ ಅಂಗಡಿಯಿಂದ ಐದು ಕಿಲೋ ಅಕ್ಕಿಯ ಚೀಲ ಹೊತ್ತು, ಮಗುವನ್ನೂ ಎಳೆದುಕೊಂಡು ಬಂದಳು. ಗುಜರಿಯವನು ಒಳಗೆ ರದ್ದಿ ಕಟ್ಟುತ್ತಿದ್ದ. ಮಗು ಕೊಕ್ಕೆಯ ಕೆಳಗೆ ನಿಂತು ಕಾಲು ಬಡಿಯಿತು.

"ಮೊದ್ಲು ಅಕ್ಕಿ ಪಾಪು! ಆಮೇಲೆ ನಾನು!"

ಹಟ ಶುರುವಾದರೆ ಬೀದಿಯ ಜನ ಸೇರುತ್ತಾರೆಂದು ಅವಳು ಹೊಲಿದ ಬಾಯಿಯ ಅಕ್ಕಿಚೀಲವನ್ನೇ ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ನಾಲ್ಕು ದಾಟಿ, ಕಾಲು ಕಿಲೋ ಗೆರೆಯ ಹತ್ತಿರ ತೂಗಾಡಿ, ನಿಂತಿತು.

ನಾಲ್ಕೂಕಾಲು! ಮುಕ್ಕಾಲು ಕಿಲೋ ಅಕ್ಕಿ ನುಂಗಿದ್ದಾನೆ ದಿನಸಿಯವನು! ಇಷ್ಟು ದಿನ ಮಗುವಿನ ಚಿಂತೆಯಲ್ಲಿ ಬೆಂದಿದ್ದ ಅವಳಿಗೆ ಕೊನೆಗೂ ಜಗಳಕ್ಕೆ ಒಬ್ಬ ಗಟ್ಟಿ ಆಸಾಮಿ ಸಿಕ್ಕಿದ. ಚೀಲ ಒಂದು ಕಂಕುಳಲ್ಲಿ, ಮಗು ಇನ್ನೊಂದರಲ್ಲಿ, ಬಂದ ದಾರಿಯಲ್ಲೇ ಧಾವಿಸಿದಳು.

"ಐದು ಅಂತ ಮೇಲೆ ಬರೀತೀರಿ, ಒಳಗೆ ನಾಲ್ಕೂಕಾಲು ತುಂಬ್ತೀರಿ! ಬಡವರ ಹೊಟ್ಟೆ ಮೇಲೆ ಹೊಡೀತೀರಾ?"

ದಿನಸಿಯವನು ಚೀಲವನ್ನು ತನ್ನ ತಕ್ಕಡಿಯ ಮೇಲಿಟ್ಟ. ಕೆಂಪು ಅಂಕಿಗಳು ಐದು ತೋರಿಸಿದವು.

"ಎಲ್ಲಿ ತೂಗಿಸಿದ್ರಿ ಮೇಡಂ?"

"ಗುಜರಿ ಅಂಗಡೀಲಿ."

ದಿನಸಿಯವನು ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಕ್ಕ. ಕಣ್ಣೊರೆಸಿಕೊಂಡು ಮತ್ತೆ ನಕ್ಕ. "ಅವನು ಕೊಳ್ಳೋನು ಕಣ್ರೀ! ನಿಮ್ಮ ಪೇಪರು ಹತ್ತು ಕಿಲೋ ಇದ್ರೆ ಎಂಟೂವರೆ ತೋರಿಸ್ಲಿಲ್ಲ ಅಂದ್ರೆ ಅವನ ಹೊಟ್ಟೆ ಹೆಂಗೆ ತುಂಬುತ್ತೆ? ಅದರಲ್ಲಿ ಆನೆ ತೂಗಿದ್ರೂ ಎಮ್ಮೆ ಆಗ್ತದೆ."

ಅವಳು ಅಕ್ಕಿಯನ್ನು ಕೆಳಗಿಳಿಸಿ, ಮಗುವನ್ನು ಎತ್ತಿ ಅಲ್ಲಿ ಕೂರಿಸಿದಳು. ಹನ್ನೆರಡು ಎಂಟುನೂರು.

ನಿಂತಲ್ಲೇ ಕುಣಿಯಬೇಕಿತ್ತು. ಆದರೆ ಚಿಂತೆ ಅವಳ ರಕ್ತದಲ್ಲೇ ಇತ್ತಲ್ಲ. ಮನೆ ಸೇರುವಷ್ಟರಲ್ಲಿ ಹೊಸದೊಂದು ಹುಟ್ಟಿತು.

"ರೀ, ಕೊಳ್ಳೋನ ತಕ್ಕಡಿ ಕಡಿಮೆ ತೋರಿಸಿದ್ರೆ, ಮಾರೋನ ತಕ್ಕಡಿ ಜಾಸ್ತಿ ತೋರಿಸ್ಬೇಕಲ್ವಾ?"

ಗಂಡ ಎರಡೂ ಕೈ ಜೋಡಿಸಿದ. "ಮಂಗಳವಾರ ಆರೋಗ್ಯ ಕೇಂದ್ರ ಇದೆ. ಅಲ್ಲಿ ಯಾರೂ ಮಗುನ ಮಾರೋದೂ ಇಲ್ಲ, ಕೊಳ್ಳೋದೂ ಇಲ್ಲ. ಅಲ್ಲೀವರೆಗೂ ನನ್ನನ್ನ ಬಿಟ್ಬಿಡು ತಾಯಿ."

ಮಂಗಳವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಸಾಲಿನಲ್ಲಿ ನಿಂತಳು. ನರ್ಸಮ್ಮ ಮಗುವನ್ನು ಕೂರಿಸಿ, ಕನ್ನಡಕದ ಮೇಲಿಂದ ನೋಡಿ, "ಹನ್ನೆರಡು ಏಳ್ನೂರು," ಎಂದರು. ನೂರು ಗ್ರಾಂ ದಿನಸಿಯವನ ಲಾಭವಾಗಿತ್ತು. ಕಾರ್ಡಿನ ಹಸಿರು ಪಟ್ಟಿಯಲ್ಲಿ, ಹೋದಸಲದ ಚುಕ್ಕೆಗಿಂತ ಒಂದು ಚೂರು ಮೇಲೆ, ಹೊಸ ಚುಕ್ಕೆ ಬಿತ್ತು.

"ಎರಡು ತಿಂಗಳಿಗೆ ಇಷ್ಟು ಸಾಕು. ಏನು ಕೊಡ್ತಿದೀಯಮ್ಮ ಊಟಕ್ಕೆ?"

ಅವಳು ಹೆಮ್ಮೆಯಿಂದ ಶಕ್ತಿಪುಡಿಯ ಹೆಸರು ಹೇಳಲು ಹೊರಟಳು. ಅಷ್ಟರಲ್ಲಿ ಮಗುವೇ ಉತ್ತರ ಕೊಟ್ಟಿತು.

"ಪುಡಿ ಥೂ. ಅಪ್ಪನ ತಟ್ಟೇದು ತಿಂತೀನಿ."

ಹೌದಲ್ಲ! ಆರು ವಾರ ನಕ್ಷತ್ರದ ತಟ್ಟೆ ಅಲ್ಲಾಡದೆ ಉಳಿಯುತ್ತಿತ್ತು, ಗಂಡನ ತಟ್ಟೆ ಮಾತ್ರ ಎರಡೆರಡು ಸಲ ಖಾಲಿಯಾಗುತ್ತಿತ್ತು. "ಇವತ್ತು ಹಸಿವು ಜಾಸ್ತಿ," ಎಂದು ಅವನು ಮತ್ತೆ ಬಡಿಸಿಕೊಳ್ಳುತ್ತಿದ್ದ. ಗೋಡೆಗೆ ಮುಖ ಮಾಡಿ, ಮಗುವಿಗೆ ಬೆನ್ನು ಹಾಕಿ ಕೂರುತ್ತಿದ್ದ. ತನ್ನಪ್ಪನಿಂದ ಕಲಿತ ವಿದ್ಯೆ!

"ಯಾವ ಪುಡೀನೂ ಬೇಡ," ಎಂದರು ನರ್ಸಮ್ಮ. "ಅದೇ ಬೇಳೆ, ಸೊಪ್ಪು, ಕಾಳು ಸಾಕು. ಆಗಾಗ ಒಂದು ಮೊಟ್ಟೆ. ಮನೇಲಿ ಯಾರು ಅಡುಗೆ ಮಾಡೋದು?"

ಅವಳು ಮಗುವನ್ನು ಎತ್ತಿಕೊಂಡು ಹೊರಗೆ ಬಂದು, ತಾಯಂದಿರು ಸಾಲಾಗಿ ಕೂತಿದ್ದ ಉದ್ದನೆಯ ಬೆಂಚಿನ ತುದಿಯಲ್ಲಿ ಕೂತಳು. ಫೋನು ತೆಗೆದಳು, ಒಳಗಿಟ್ಟಳು. ಆರು ವಾರ ಯಾರೊಬ್ಬರೂ ಅವಳನ್ನು ಬೈದಿರಲಿಲ್ಲ, ಮಾವನವರೂ ಸಹ. ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಬರಲೊಲ್ಲೆ ಎಂದರೆ? ಎಂದರೆ ಎನ್ನಲಿ. ಒತ್ತಿಯೇಬಿಟ್ಟಳು.

"ಹಲೋ?"

"ಮಾವ, ನಾನು. ಚಿಕ್ಕ ಸೊಸೆ."

"ಮಗು ಹುಷಾರಾಗಿದೆಯೇನಮ್ಮ?"

"ಚೆನ್ನಾಗಿದಾಳೆ ಮಾವ. ತೂಕಾನೂ ಏರಿದೆ. ಗುಜರಿಯವನ ತಕ್ಕಡಿ ನಂಬ್ಕೊಂಡು ನಿಮ್ಮನ್ನ ಏನೇನೋ ಅಂದ್ಬಿಟ್ಟೆ. ತಪ್ಪು ನನ್ನದು."

"ಏನು? ಸರಿಯಾಗಿ ಕೇಳಿಸ್ತಿಲ್ಲ."

"ತಪ್ಪು ನನ್ನದು ಅಂದೆ."

"ಇಲ್ಲಿ ಕುಕ್ಕರ್ ಕೂಗ್ತಿದೆ ಕಣಮ್ಮ, ಸ್ವಲ್ಪ ಜೋರಾಗಿ."

ಯಾವ ಕುಕ್ಕರಿನ ಸದ್ದೂ ಅವಳಿಗೆ ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡು, "ತಪ್ಪು ನನ್ನದು ಮಾವಾ! ನಿಮ್ಮ ಅಡುಗೇದಲ್ಲ!" ಎಂದು ಕೂಗಿದಳು. ಬೆಂಚಿನ ಮೇಲಿನ ತಾಯಂದಿರೆಲ್ಲ ಒಟ್ಟಿಗೆ ತಿರುಗಿದರು. ಫೋನಿನಲ್ಲಿ ಹೆಂಗಸೊಬ್ಬಳ ನಗು ಕಿಸಕ್ಕೆಂದಿತು.

"ಸಾಕು ಸಾಕು, ಮೊದಲ್ನೇ ಸಲಕ್ಕೇ ಕೇಳಿಸ್ತು," ಎಂದರು ಮಾವನವರು. "ನಿನ್ನ ವಾರಗಿತ್ತಿಗೂ ಕೇಳಿಸ್ಲಿ ಅಂತ ಸ್ಪೀಕರ್ ಹಾಕಿದ್ದೆ. ನಿನ್ನೆ ಇವಳೂ ನನ್ನ ಚೀಲ ನೋಡಿ ಮೂಗು ಮುರಿದ್ಲು."

"ಮಾವ, ಬರ್ತೀರಾ? ನೀವಿಲ್ದೆ ನಂಗೆ ಆಗ್ತಿಲ್ಲ."

ಆ ಕಡೆ ಸ್ಪೀಕರ್ ಆರಿಸಿದ ಸದ್ದು ಕೇಳಿಸಿತು.

"ಬಸ್ ಸ್ಟ್ಯಾಂಡಿಗೆ ಯಾರಾದ್ರೂ ಬನ್ನಿ. ಒಂದು ದೊಡ್ಡ ಕುಂಬಳಕಾಯಿ ಸಿಕ್ಕಿದೆ, ಒಬ್ಬನ ಕೈಲಿ ಹೊರಕ್ಕಾಗಲ್ಲ. ಒಂದು ಪಕ್ಕ ಸ್ವಲ್ಪ ಮೆತ್ತಗಾಗಿದೆ ಅಂತ ಕಾಲು ಬೆಲೆಗೆ ಕೊಟ್ಟ."

ಸ್ವಲ್ಪ ಅಂದರೆ ಎಷ್ಟು? ಯಾವ ಪಕ್ಕ? ವಾಸನೆ ಬರುತ್ತಿದೆಯೇ? ಮೂರೂ ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತವು. ಅವಳು ತುಟಿ ಕಚ್ಚಿ ಅವನ್ನು ನುಂಗಿಕೊಂಡಳು.

"ನಾನೇ ಬರ್ತೀನಿ ಮಾವ," ಎಂದಳು. "ಎಷ್ಟು ಗಂಟೆ ಬಸ್ಸು?"