ಕಲ್ಲಿನ ಕೋಣೆಯಲ್ಲಿ ಸೋತ ಆಲ್ಬಮ್

‘ನಾವು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದೇವೆ, ಇದು ಅವರ ಅತ್ಯುತ್ತಮ ಆಲ್ಬಮ್.’

ಶಹಾಬಾದಿನ ಗಿಟಾರಿನವನು ಫೋನಿನ ಗುಂಪಿನಲ್ಲಿ ಹಾಕಿದ್ದ ಈ ಸಾಲನ್ನು ನಾನು ಸೇಡಂ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಓದಿದೆ. ಚಿತ್ತಾಪುರದ ಕಾಲೇಜಿಗೆ ಪಾಠ ಮಾಡಲು ಹೊರಟವಳು, ರೈಲು ಬಂದರೂ ಏಳದೆ ಮತ್ತೊಮ್ಮೆ ಓದಿದೆ. ‘ನಾವು’ ಎಂದರೆ ಯಾರು? ‘ಮೊದಲು’ ಎಂದರೆ ಯಾವಾಗ? ಶಾಲೆಯ ದಿನಗಳಿಂದ ಚರ್ಚಾ ಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎದುರಿನವರು ಗೆದ್ದರೆ ಸಹಿಸಿಕೊಳ್ಳುತ್ತೇನೆ. ಆದರೆ ಅರ್ಧ ಸ್ಪರ್ಧೆಯಾದ ಮೇಲೆ ಸದ್ದಿಲ್ಲದೆ ನಮ್ಮ ಕಡೆಯ ಕುರ್ಚಿಗೆ ಬಂದು, ನಾವು ಮೊದಲೇ ಇಲ್ಲಿ ಕುಳಿತಿದ್ದೆವು ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಅದರಲ್ಲೂ ಆ ಕುರ್ಚಿಯಲ್ಲಿದ್ದವನನ್ನು ಎಬ್ಬಿಸಿ ಕಳಿಸಿದವರು ಅವರೇ ಆಗಿದ್ದರೆ!

ಎಬ್ಬಿಸಿ ಕಳಿಸಿದ್ದು ನನ್ನ ಅಣ್ಣನನ್ನು.

ಶಹಾಬಾದಿನಲ್ಲಿ ಹೆವಿ ಮೆಟಲ್ ಬಾರಿಸುವ ಹುಡುಗರಿದ್ದಾರೆ ಎಂದರೆ ಕಲಬುರಗಿಯವರೇ ನಗುತ್ತಿದ್ದರು. ಇದ್ದರು ಸ್ವಾಮಿ. ಗಿಟಾರಿಗೊಬ್ಬ, ಬೇಸ್ ಗಿಟಾರಿಗೊಬ್ಬ, ಡ್ರಮ್ಸಿಗೆ ನನ್ನ ಅಣ್ಣ. ಹಾಡುವವರು ಮಾತ್ರ ಬದಲಾಗುತ್ತಿದ್ದರು. ಗಂಟಲು ಕೆಟ್ಟ ಕೂಡಲೇ ಮದುವೆ ಮಾಡಿಕೊಂಡು ಬಿಡುತ್ತಿದ್ದರು. ಗಿಟಾರಿನವನ ಮನೆತನದ್ದು ಫರಸಿ ಕಲ್ಲಿನ ವ್ಯಾಪಾರ. ಅವರ ಹಿತ್ತಲಿನ ಕೋಣೆಯೇ ಇವರ ತಾಲೀಮಿನ ಜಾಗ. ನೆಲಕ್ಕೆ ಫರಸಿ, ಗೋಡೆಗೆ ಫರಸಿ, ಮೇಲೆ ಹೊದಿಸಿದ್ದೂ ಫರಸಿ. ಅಲ್ಲಿ ಕೆಮ್ಮಿದರೆ ಆ ಕೆಮ್ಮು ಗೋಡೆಗಳನ್ನೆಲ್ಲ ಸುತ್ತಿ ಬಂದು ನಿಮ್ಮ ಯೋಗಕ್ಷೇಮ ಕೇಳುತ್ತಿತ್ತು. ಹುಡುಗರಿಗೆ ಆ ಅಬ್ಬರವೇ ಬೇಕಿತ್ತು. ಒಬ್ಬ ಮೀಟಿದರೆ ಊರೇ ಮೀಟಿದಂತೆ ಕೇಳುತ್ತದೆ ಎಂದು ಹೆಮ್ಮೆ ಪಡುತ್ತಿದ್ದರು.

ಅವರಲ್ಲೊಂದು ಕಟ್ಟಳೆಯೂ ಇತ್ತು. ಇಷ್ಟದ ತಂಡದ ಹೊಸ ಆಲ್ಬಮ್ ಬಂದರೆ ಆ ಕೋಣೆಯಲ್ಲಿ ಎಲ್ಲರೂ ಕೂಡಿ ಮೊದಲ ಸಲ ಕೇಳಬೇಕು. ಯಾರೂ ಮುಂಚೆ ಕೇಳಿ ಬರುವಂತಿಲ್ಲ. ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಮುಗಿದ ಮೇಲೆ ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿನ್ನುತ್ತ ತೀರ್ಪು. ದೇವರ ಮುಂದೆ ನೈವೇದ್ಯ ಇಡುವವರೆಗೆ ಬಾಯಿಗೆ ಹಾಕಬಾರದು ಎನ್ನುವ ನಮ್ಮ ಮನೆಗಳ ಶಿಸ್ತನ್ನೇ ಇವರು ಸ್ಪೀಕರಿಗೆ ದಾಟಿಸಿದ್ದರು.

ಅವರೆಲ್ಲ ಪೂಜಿಸುತ್ತಿದ್ದ ಒಂದು ಹಳೆಯ ತಂಡ, ನಮ್ಮ ಅಪ್ಪನ ವಯಸ್ಸಿನವರದು, ಎಷ್ಟೋ ವರ್ಷ ಸುಮ್ಮನಿದ್ದು ಮರಳಿ ಬಂದು ಆಲ್ಬಮ್ ಮಾಡಿತು. ನಾನಾಗ ಪಿಯುಸಿಯಲ್ಲಿದ್ದೆ. ಆ ಭಾನುವಾರ ಅಣ್ಣ ಬೇರೆ ಕಡೆಯಿಂದ ವಾಡಿಯ ಮೇಲೆ ಬರುವವನಿದ್ದ. ನಾನು ಸೇಡಮ್ಮಿನಿಂದ ನೇರ ಶಹಾಬಾದಿಗೆ ಹೋಗಿ ಕುಳಿತಿದ್ದೆ. ಅಣ್ಣ ಬಂದ ಮೇಲೆ ಆಲ್ಬಮ್ ಹಚ್ಚಿದರು. ಅದು ಮುಗಿದಾಗ ಮೊದಲು ಬಾಯಿ ಬಿಟ್ಟವನು ಗಿಟಾರಿನವನು.

‘ಏನಪಾ ಇದು, ಮುದುಕರ ಭಜನಿ ಆಗ್ಯಾದಲ್ಲ! ಮೊದ್ಲಂದು, ಕಡೀದು ಅಷ್ಟ ಪರವಾಗಿಲ್ಲ.’

‘ಡ್ರಮ್ಸ್ ಅಂತೂ ತಗಡಿನ ಮ್ಯಾಲ ಮಂಗ್ಯಾ ಕುಣದಂಗ ಕೇಳ್ಲಿಕತ್ತಾದ’ ಎಂದ ಬೇಸ್ ಗಿಟಾರಿನವನು, ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ.

‘ಇಲ್ಲಪಾ, ಹಂಗಿಲ್ಲ ಅದು’ ಎಂದ ಅಣ್ಣ. ‘ಒಂದ್ ಪೆಟ್ಟು ಹಾಕಿ, ಮುಂದಿನ ಪೆಟ್ಟಿನ ತನಕ ಜಾಗಾ ಖಾಲಿ ಬಿಟ್ಟಾನ ಅಂವ. ಆ ಖಾಲಿ ಜಾಗಾನೇ ಇಲ್ಲಿ ಕೇಳಸವಲ್ದು. ವಾಡಿ ಸ್ಟೇಷನ್ನಾಗ ಛಂದ ಕೇಳಸ್ತು.’

ಎಲ್ಲರ ಕೈ ನಿಂತಿತು.

‘ಅಂದ್ರ ಮೊದ್ಲ ಕೇಳ್ಕೊಂಡು ಬಂದೀದಿ?’ ಎಂದ ಗಿಟಾರಿನವನು.

‘ಗಾಡಿ ಲೇಟ್ ಇತ್ತು. ಪ್ಲಾಟ್‌ಫಾರ್ಮಿನ್ಯಾಗ ಕುಂತು ಕಿವ್ಯಾಗ ಹಾಕ್ಕೊಂಡೆ.’

‘ಹಂಗಾದ್ರ ನಿನ್ನ ಮಾತು ಲೆಕ್ಕಕ್ಕಿಲ್ಲ ಬಿಡು. ಕಟ್ಟಳಿ ಮುರದೀದಿ.’

ನನಗೆ ತಡೆಯಲಾಗಲಿಲ್ಲ. ‘ಬರೊಬ್ಬರಿ ಕೇಳಿದಂವ ಇಲ್ಲಿ ಅಂವ ಒಬ್ನೇ ಇದ್ದಾನ. ಅವನ ಮಾತೇ ಲೆಕ್ಕಕ್ಕಿಲ್ಲ ಅಂದ್ರ ಹೆಂಗ್ರಿ? ಸ್ಪೀಕರ್ ಹೊರಗ ಬೇವಿನ ಗಿಡದ ಬುಡಕ್ಕ ತಗೊಂಡು ಬರ್ರಿ, ಇನ್ನೊಮ್ಮಿ ಕೇಳ್ರಿ.’

‘ಏ ವಕೀಲಮ್ಮ, ಇದು ನಿನ್ನ ಚರ್ಚಾ ಸ್ಪರ್ಧಾ ಅಲ್ಲ. ಇಲ್ಲಿ ಟೈಮ್ ಆತಂತ ಗಂಟಿ ಹೊಡ್ಯೋರಿಲ್ಲ. ಮಿರ್ಚಿ ತಿನ್ನು, ಆರತಾವ’ ಎಂದ ಗಿಟಾರಿನವನು.

ನಕ್ಕರು. ಬೇಸ್ ಗಿಟಾರಿನವನು ಕಣ್ಣು ಮುಚ್ಚಿ, ತಾಳ ಕುಟ್ಟುತ್ತ ಮುದುಕರ ಭಜನೆ ಮಾಡಿ ತೋರಿಸಿದ. ತೀರ್ಪು ಮುಗಿಯಿತು. ಕೋಣೆ ಕೊಟ್ಟ ತೀರ್ಪಿಗೆ ಇವರು ಬರೀ ರುಜು ಹಾಕಿದ್ದರು, ಅಷ್ಟೇ.

ಅದು ಅಲ್ಲಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ. ಆದರೆ ಅಣ್ಣನ ಕೈಗೆ ಆ ಖಾಲಿ ಜಾಗ ಹತ್ತಿಬಿಟ್ಟಿತ್ತು. ತಾಲೀಮಿನಲ್ಲಿ ಅವನು ತಡೆದು ಬಾರಿಸತೊಡಗಿದ. ಅವನು ಬಿಟ್ಟ ಜಾಗವನ್ನೆಲ್ಲ ಫರಸಿಯ ಪ್ರತಿಧ್ವನಿ ತುಂಬುತ್ತಿತ್ತು. ಉಳಿದವರಿಗೆ ಲಯ ತಪ್ಪುತ್ತಿತ್ತು. ಅಣ್ಣ ಆಲಸಿಯಾಗಿದ್ದಾನೆ ಎಂದರು. ಯುಗಾದಿ ಮುಗಿಸಿ ಅಣ್ಣ ತಾಲೀಮಿಗೆ ಹೋದಾಗ ಅವನ ಜಾಗದಲ್ಲಿ ಬೇರೊಬ್ಬ ಕುಳಿತು ಪಟಪಟನೆ ಬಾರಿಸುತ್ತಿದ್ದ. ‘ಬಾ, ಚಾ ಕುಡಿ’ ಎಂದರಂತೆ. ಅಣ್ಣ ಚಹಾ ಕುಡಿದು, ತನ್ನ ಡ್ರಮ್ಸನ್ನು ಟೆಂಪೋದಲ್ಲಿ ಹಾಕಿಕೊಂಡು ಸೇಡಮ್ಮಿಗೆ ಬಂದ. ಅವ್ವ ಸ್ವಲ್ಪ ದಿನ ಕಾದು ನೋಡಿ, ದೊಡ್ಡ ಡ್ರಮ್ಮಿನ ಮೇಲೆ ಕೌದಿಗಳನ್ನು ಮಡಿಸಿ ಪೇರಿಸಿಟ್ಟಳು. ಮುಂದೆ ಅವನಿಗೆ ಚಿಂಚೋಳಿ ಕಡೆಯ ಶಾಲೆಯಲ್ಲಿ ಗಣಿತದ ಮಾಸ್ತರಿಕೆ ಸಿಕ್ಕಿತು. ಊಟಕ್ಕೆ ಕುಳಿತಾಗ ತಾಟಿನ ಅಂಚಿಗೆ ಬೆರಳು ಬಡಿಯುವುದನ್ನು ಮಾತ್ರ ಅವನು ಬಿಡಲಿಲ್ಲ.

ಈಗ ಜಗತ್ತು ಮನಸ್ಸು ಬದಲಿಸಿದೆ. ಎಲ್ಲೋ ಯಾರೋ ಆ ಆಲ್ಬಮ್ಮನ್ನು ಮತ್ತೆ ಕೇಳಿ ಹೊಗಳಿದರು. ಅದರ ನಿಧಾನದ ಹಾಡೊಂದರ ತುಣುಕು ಫೋನಿನಿಂದ ಫೋನಿಗೆ ಹಾರಿತು. ಅದು ಶಹಾಬಾದಿಗೆ ಬಂದು ಇಳಿದದ್ದೇ ತಡ, ಮುದುಕರ ಭಜನೆ ಅತ್ಯುತ್ತಮ ಆಲ್ಬಮ್ ಆಯಿತು. ಅದೂ ಮೊದಲಿನಿಂದಲೂ! ವಾಡಿಯ ಸಭಾಭವನದಲ್ಲಿ ಅದರ ಹಾಡುಗಳನ್ನೆಲ್ಲ ಬಾರಿಸುತ್ತೇವೆ ಎಂದು ಗಿಟಾರಿನವನು ಗುಂಪಿನಲ್ಲಿ ಸಾರಿದ್ದ. ಅಣ್ಣನ ಸುದ್ದಿಯೇ ಇಲ್ಲ.

ಮುಂದಿನ ರೈಲಿಗೆ ಶಹಾಬಾದಿಗೇ ಹೋದೆ. ಗಿಟಾರಿನವನ ನೆತ್ತಿ ಬಯಲಾಗಿತ್ತು, ನಗು ಹಾಗೆಯೇ ಇತ್ತು.

‘ಬಾ ವಕೀಲಮ್ಮ, ಕುಂದ್ರು. ಚಾ ತರಸ್ಲಿ?’

‘ಮೊದಲಿನಿಂದಲೂ ಅಂದ್ರ ಯಾವಾಗಿಂದ್ರಿ?’

‘ಬಂತು ನೋಡು!’ ಎಂದ. ‘ಅವೆಲ್ಲಾ ಹುಡುಗಾಟಕಿ ಮಾತು ತಂಗಿ. ಈಗ ಎಲ್ಲಾರೂ ಚಲೋ ಅದ ಅನ್ಲಿಕತ್ತಾರ, ನಾವೂ ಅಂದೀವಿ. ಅದರಾಗೇನು ಗುನ್ಹಾ ಆತು?’

‘ಈಗರೆ ಕುಂತು ಪೂರಾ ಕೇಳೀರೇನು?’

‘ಪೂರಾ ಅಂದ್ರ... ಆ ಫೇಮಸ್ ಹಾಡು ಕೇಳೀನಿ.’

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಂದು ಬೈದದ್ದು ಸರಿಯಾಗಿ ಕೇಳದೆ, ಇಂದು ಹೊಗಳುವುದೂ ಕೇಳದೆ. ಅಭಿಪ್ರಾಯ ಬದಲಿಸಬಾರದೆಂದು ನಾನು ಯಾರಿಗೂ ಹೇಳುವವಳಲ್ಲ. ಬದಲಿಸಿದ್ದೇನೆ ಎಂದು ಹೇಳಲಿ ಎನ್ನುತ್ತೇನೆ. ನಡುವೆ ಒಬ್ಬನಿದ್ದ, ಅವನು ಸರಿಯಾಗಿ ಕೇಳಿದ್ದ, ಅದಕ್ಕಾಗಿಯೇ ಅವನ ಜಾಗ ಹೋಯಿತು ಎಂಬುದನ್ನು ಹೀಗೆ ಒಂದು ಸಾಲಿನಲ್ಲಿ ಒರೆಸಿ ಹಾಕುವುದೇ?

‘ನೀ ಬಂದಿದ್ದು ಚಲೋ ಆತು ನೋಡು’ ಎಂದ ಗಿಟಾರಿನವನು, ದನಿ ಇಳಿಸಿ. ‘ನಮ್ಮ ಈಗಿನ ಹುಡುಗಗ ಆ ಸಾವಕಾಶ ಹೊಡ್ಯೋದು ಬರವಲ್ದು. ತಡ್ಯಾಕ ಆಗವಲ್ದು ಅವಗ, ಕೈ ಓಡ್ತದ. ಬ್ಯಾರೆ ಯಾರನ್ನರೆ ನೋಡ್ಕೊಳ್ರಿ ಅಂತ ಅವನೇ ಅಂದಾನ. ನಿಮ್ಮಣ್ಣಗ ಜರಾ ಕೇಳು.’

‘ನೀವೇ ಕೇಳ್ರಿ.’

‘ನನಗ ಹೆಂಗೋ ಅನಸ್ತದ.’

‘ಹಂಗಾದ್ರ ಅದೇ ಗುಂಪಿನ್ಯಾಗ ಬರೀರಿ, ಇದು ಚಲೋ ಅದ ಅಂತ ಮೊದ್ಲ ಹೇಳಿದಂವ ಅಂವ, ನಾವು ಅವನ್ನ ಹೊರಗ ಹಾಕಿದ್ವಿ ಅಂತ. ಆಮ್ಯಾಲ ಕೇಳ್ತೀನಿ.’

‘ನೋಡಮು’ ಎಂದ. ನಮ್ಮ ಕಡೆ ನೋಡಮು ಎಂದರೆ ಇಲ್ಲ ಎಂದು.

ಭಾನುವಾರ ಚಿಂಚೋಳಿಗೆ ಹೋದೆ. ಅಣ್ಣ ತನ್ನ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕುಳಿತು ಉತ್ತರ ಪತ್ರಿಕೆ ತಿದ್ದುತ್ತಿದ್ದ. ನಾನು ನಡೆದದ್ದನ್ನೆಲ್ಲ ಸಿಟ್ಟಿನಿಂದ ಹೇಳಿದೆ. ಅವನು ಪೆನ್ನಿನ ಟೊಪ್ಪಿಗೆ ಮುಚ್ಚಿ ಕೇಳಿದ್ದು ಒಂದೇ ಮಾತು.

‘ಪ್ರೋಗ್ರಾಮ್ ಯಾವತ್ತು ಅದ?’

‘ಏನು ಯಾವತ್ತು? ಅವರು ತಪ್ಪಾತು ಅಂತ ಇನ್ನಾ ಅಂದೇ ಇಲ್ಲ!’

‘ಅನ್ನಂಗಿಲ್ಲ ಅವ್ರು. ನಂಗ ಬಾರಸ್ಬೇಕಾಗ್ಯಾದ.’

‘ಮಾನ ಇಲ್ಲೇನು ನಿನಗ?’

‘ಅದ. ಏನ್ ಮಾಡ್ಲಿ, ಅದನ್ನ ಮುಂದಿಟ್ಕೊಂಡು ಬಾರಸಾಕ ಬರಂಗಿಲ್ಲ.’

ಅವನ ಮೇಲೂ ಸಿಟ್ಟು ಬಂತು. ನಾನು ಇಷ್ಟು ವರ್ಷ ಹೊತ್ತು ತಿರುಗಿದ ದಾವೆಯನ್ನು ಫಿರ್ಯಾದಿಯೇ ಹಿಂದಕ್ಕೆ ತೆಗೆದುಕೊಂಡರೆ ನಾನೇನು ಮಾಡಬೇಕು? ಆದರೆ ಅವನ ಕಾಲು ಆಗಲೇ ಕಟ್ಟೆಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಅವನೊಂದು ಶರತ್ತು ಹಾಕಿದ. ‘ಮೊದ್ಲ ಆ ಕೋಣ್ಯಾಗ ಎಲ್ಲಾರೂ ಕುಂತು ಇನ್ನೊಮ್ಮಿ ಕೇಳ್ಬೇಕು. ಅವ್ವನ ಕೌದಿ ಎಷ್ಟು ಅದಾವ?’ ಅವನ ಬಾಡಿಗೆ ಮನೆಯದೂ ಕಲ್ಲಿನ ಗೋಡೆಯೇ. ಮಳೆಗಾಲದಲ್ಲಿ ಕೌದಿಗಳನ್ನು ಒಳಗೆ ಹಗ್ಗಕ್ಕೆ ಒಣಹಾಕಿದಾಗಲೆಲ್ಲ ಹಾಡು ಬೇರೆಯಾಗಿ ಕೇಳುತ್ತಿತ್ತಂತೆ.

ಹೀಗೆ ಅವ್ವನ ಕೌದಿಗಳು, ಓಣಿಯ ಅತ್ತೆಯರ ಕೌದಿಗಳು, ಹಳೆಯ ಸೀರೆ ಧೋತರಗಳನ್ನು ಪದರ ಪದರ ಹಚ್ಚಿ ಹೊಲಿದ ಆ ಭಾರದ ಗಂಟುಗಳು ಸೇಡಮ್ಮಿನಿಂದ ರೈಲು ಹತ್ತಿದವು. ‘ಯಾರ ಮದ್ವಿ ಅದ್ರೀ?’ ಎಂದು ಎದುರಿನ ಹೆಂಗಸು ಕೇಳಿದಳು. ‘ಮದ್ವಿ ಅಲ್ಲರಿ, ಡ್ರಮ್ಮು’ ಎಂದ ಅಣ್ಣ. ಆಕೆ ಚಿತ್ತಾಪುರ ಬರುವವರೆಗೆ ನಮ್ಮ ಕಡೆ ನೋಡಲಿಲ್ಲ.

ಕಲ್ಲಿನ ಕೋಣೆಯ ನಾಲ್ಕೂ ಗೋಡೆಗೆ ಕೌದಿ ಕಟ್ಟಿ, ನೆಲಕ್ಕೂ ಹಾಸಿ, ಆಲ್ಬಮ್ ಹಚ್ಚಿದೆವು. ನಿಯಮದಂತೆ ಯಾರೂ ಮಾತಾಡಲಿಲ್ಲ. ಈಗ ನನ್ನ ತೀರ್ಪು ಹೇಳುತ್ತೇನೆ, ಕೇಳಿಯೇ ಹೇಳುತ್ತೇನೆ. ಇದು ಮಹಾ ಆಲ್ಬಮ್ ಅಲ್ಲ. ಮೊದಲ ಹಾಡು ಮತ್ತು ಕೊನೆಯ ಹಾಡು ಹಳೆಯ ಅಭಿಮಾನಿಗಳಿಗೆ ಹೆದರಿ ಮಾಡಿದವು. ವಯಸ್ಸಾದವರು ಹರೆಯದ ಪ್ಯಾಂಟು ಹಾಕಿಕೊಂಡು ಓಡಿದ ಹಾಗಿವೆ. ಅಂದು ಇವರೆಲ್ಲ ಪರವಾಗಿಲ್ಲ ಎಂದದ್ದು ಆ ಎರಡಕ್ಕೇ! ಆದರೆ ನಡುವಿನ ಹಾಡುಗಳಲ್ಲಿ ಗಾಯಕ ಕಿರುಚುವುದನ್ನು ಬಿಟ್ಟಿದ್ದಾನೆ. ಮೇಲಿನ ಸ್ವರ ಈಗ ತನಗೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತು. ಕೆಳಗೇ ನಿಂತು ಹಾಡುತ್ತಾನೆ, ಆ ದನಿಯಲ್ಲಿ ನಾಚಿಕೆ ಇಲ್ಲ. ಡ್ರಮ್ಸಿನವನು ಒಂದು ಪೆಟ್ಟು ಹಾಕಿ ಕಾಯುತ್ತಾನೆ. ಆ ಕಾಯುವಿಕೆಯಲ್ಲಿ ಎದೆ ಭಾರವಾಗುತ್ತದೆ. ಇಷ್ಟು ಭಾರದ ಸಂಗೀತವನ್ನು ವೇಗವೊಂದರಿಂದಲೇ ಅಳೆಯುತ್ತಿದ್ದ ನಮ್ಮ ಹುಡುಗರಿಗೆ ಅದು ಕೇಳದೆ ಹೋದದ್ದು ಕಲ್ಲಿನದಷ್ಟೇ ತಪ್ಪಲ್ಲ.

ಮುಗಿದ ಮೇಲೆ ಬೇಸ್ ಗಿಟಾರಿನವನು ಗೋಡೆಯ ಕೌದಿಯನ್ನು ಮುಟ್ಟಿ ನೋಡಿದ. ‘ಅಲೆಲೆ, ಇದರಾಗ ಬೇಸ್ ಇತ್ತೇನು!’

ಅಣ್ಣ ಎಂದ, ‘ಮೊದ್ಲಂದು, ಕಡೀದು, ಎರಡೂ ಖರೇನ ಕೆಟ್ಟ ಅದಾವ.’

‘ಯಾಕ? ಎಲ್ಲಾ ಅತ್ಯುತ್ತಮ ಅದಾವ!’ ಎಂದು ಗಿಟಾರಿನವನು ಜಗಳಕ್ಕೇ ಬಿದ್ದ. ತಪ್ಪಾಯಿತು ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ನಾನು ಕಾದೆ. ಸುಸಲಾ ಬಂತು.

ವಾಡಿಯ ಸಭಾಭವನಕ್ಕೂ ಅಣ್ಣ ಕೌದಿ ಕಟ್ಟಿಸಿದ. ಸಂಜೆ ಜನ ಬಂದರು. ಕೌದಿಗಳನ್ನು ನೋಡಿ, ಇದೇನು ಮಾರಾಟದ ಮೇಳವೇ ಎಂದು ವಿಚಾರಿಸಿದವರೂ ಇದ್ದರು. ಮೊದಲ ಸಾಲಿನಲ್ಲಿ ನಾನು, ಅವ್ವ. ತನ್ನ ಕೌದಿ ತಲೆಕೆಳಗಾಗಿ ಕಟ್ಟಿದ್ದಾರೆಂದು ಅವ್ವನಿಗೆ ಅಸಮಾಧಾನ. ವೇದಿಕೆಯ ಹಿಂಭಾಗದಲ್ಲಿ ಅಣ್ಣ, ತನ್ನದೇ ಡ್ರಮ್ಸಿನ ಹಿಂದೆ. ಗಿಟಾರಿನವನು ಮೈಕಿನ ಮುಂದೆ ಬಂದು ಗಂಟಲು ಸರಿ ಮಾಡಿಕೊಂಡ. ಈಗಲಾದರೂ ಹೇಳುತ್ತಾನೆ ಎಂದುಕೊಂಡೆ.

‘ಎಲ್ಲರಿಗೂ ನಮಸ್ಕಾರ. ಈ ಆಲ್ಬಮ್ ಬಗ್ಗೆ ನಾವು ಮೊದಲಿನಿಂದಲೂ—’

ನಾನು ಎದ್ದು ನಿಂತೆ. ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು. ಅಷ್ಟರಲ್ಲಿ ಗಿಟಾರಿನವನ ಹಿಂದೆ ಡ್ರಮ್ಸಿನ ಕೋಲುಗಳು ಒಂದಕ್ಕೊಂದು ಬಡಿದ ಸದ್ದು. ಹಾಡು ಶುರು ಮಾಡುವ ಸನ್ನೆ ಅದು. ಗಿಟಾರಿನವನು ವಾಕ್ಯವನ್ನು ಅರ್ಧಕ್ಕೇ ಬಿಟ್ಟು ತಂತಿ ಹಿಡಿದುಕೊಳ್ಳಲು ತಡವರಿಸಿದ. ಮೊದಲ ಪೆಟ್ಟು ಬಿತ್ತು. ಆಮೇಲೆ ಏನೂ ಇಲ್ಲ. ಅಣ್ಣ ಕೈ ಎತ್ತಿ ತಡೆದಿದ್ದ. ಗಿಟಾರಿನವನು ಬಾಯಿ ತೆರೆದಂತೆಯೇ ತಿರುಗಿ ಅಣ್ಣನ ಕೈಯನ್ನೇ ನೋಡುತ್ತಿದ್ದ. ಅಣ್ಣ ಬಿಡುವವರೆಗೆ ಅವನು ಮಾತಾಡುವಂತಿರಲಿಲ್ಲ, ಮೀಟುವಂತಿರಲಿಲ್ಲ.

‘ಯಾಕ ನಿಂದ್ರಸ್ದ?’ ಎಂದಳು ಅವ್ವ ಪಿಸುದನಿಯಲ್ಲಿ.

‘ತಡಿಯವ್ವಾ’ ಎಂದೆ. ‘ಕಾಯ್ಲಿ ಅವ್ರು.’