ಅಕ್ಕನ ನಡಿಗೆ

ಚೌಕದ ಅಂಗಡಿಯವರು ಅವನನ್ನು ನೆರಳು ಎಂದೇ ಕರೆಯುತ್ತಿದ್ದರು. ಅವನ ಕೆಲಸವೂ ಅದೇ. ದಾರಿಹೋಕರೊಬ್ಬರನ್ನು ಕಣ್ಣಲ್ಲೇ ಆರಿಸಿಕೊಂಡು, ಸದ್ದಿಲ್ಲದೆ ಬೆನ್ನಿಗೆ ಬಿದ್ದು, ಅವರಂತೆಯೇ ನಡೆಯುವುದು. ಹೊಟ್ಟೆ ಮುಂದೆ ಬಿಟ್ಟು ಹೋಗುವ ಗುಮಾಸ್ತ, ಫೋನಿನಲ್ಲಿ ಮುಳುಗಿ ಎಡವುವ ಹುಡುಗಿ, ಯಾರನ್ನೂ ಬಿಡುತ್ತಿರಲಿಲ್ಲ. ಕಾರಂಜಿಯ ಕಟ್ಟೆಯ ಮೇಲೆ ಕೂತ ಜನ ಬಿದ್ದು ಬಿದ್ದು ನಗುತ್ತಿದ್ದರು, ಚಿಲ್ಲರೆ ಎಸೆಯುತ್ತಿದ್ದರು. ಹನ್ನೊಂದು ವರ್ಷ ಹೀಗೇ ಕಳೆದಿತ್ತು.

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಾಯಿ ಸತ್ತಾಗ ಅವನಿಗೆ ಆರು, ಅವಳಿಗೆ ಹದಿನೇಳು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ ಅವನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರಲಿ" ಎಂದು ತಳ್ಳಿಹಾಕಿದಳು. ಅವನು ಏಳುವ ಹೊತ್ತಿಗೆ ಅವಳು ಕೆಲಸಕ್ಕೆ ಹೋಗಿರುತ್ತಿದ್ದಳು. ಸಂಜೆ ಅವನು ಬರುವಾಗ ಅಡುಗೆ ಮುಗಿಸಿ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಅವಳು ಬೀದಿಯಲ್ಲಿ ನಡೆಯುವುದನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು.

ಆ ಮಧ್ಯಾಹ್ನ ಜನ ಚೆನ್ನಾಗಿ ಸೇರಿದ್ದರು. ಔಷಧಿ ಅಂಗಡಿಯ ಕಡೆಯಿಂದ ದೊಗಳೆ ಕೋಟಿನ ಹೆಂಗಸೊಬ್ಬಳು ಹೊರಟಳು. ಎಡಗಾಲು ಎಳೆಯುತ್ತಿದ್ದಳು. ಒಂದೊಂದು ಹೆಜ್ಜೆಗೂ ಸೊಂಟ ಕುಸಿಯುತ್ತಿತ್ತು, ಬಲಗೈ ಗಾಳಿಯಲ್ಲಿ ಆಸರೆ ತಡಕುತ್ತಿತ್ತು. ಕುಂಟುವವರ ತಂಟೆಗೆ ಮಾತ್ರ ಅವನು ಹೋಗುತ್ತಿರಲಿಲ್ಲ. ಆದರೆ ಆ ಕೈ ಅವನನ್ನು ಸೆಳೆಯಿತು. ಬೆನ್ನಿಗೆ ಬಿದ್ದ. ಏಳೆಂಟು ಹೆಜ್ಜೆಯಲ್ಲಿ ಆ ನಡಿಗೆ ಮೈಗೆ ಹತ್ತಿತು. ಕಟ್ಟೆಯವರು ಹೊಟ್ಟೆ ಹಿಡಿದುಕೊಂಡರು.

ನಗು ಕೇಳಿ ಹೆಂಗಸು ತಿರುಗಿದಳು. ಅಕ್ಕ. ಪಕ್ಕದ ಮನೆಯವಳ ಕೋಟು ಹಾಕಿಕೊಂಡಿದ್ದಳು.

ಅವನು ಸೊಂಟ ಕುಸಿದ ಹಾಗೆಯೇ ನಿಂತುಬಿಟ್ಟ. ಅವಳು ಅವನ ಕಾಲು ನೋಡಿದಳು, ಕೈ ನೋಡಿದಳು.

"ನಾನು ಹೀಗಾ ನಡೆಯೋದು?"

"ಅಕ್ಕಾ, ನೀನು ಅಂತ ಗೊತ್ತಾಗ್ಲಿಲ್ಲ ಕಣೇ..."

"ಇಷ್ಟು ಕೆಟ್ಟಿದೆ ಅಂತ ನನಗೂ ಗೊತ್ತಿರ್ಲಿಲ್ಲ ಬಿಡು. ನರ ಸೋತಿದೆಯಂತೆ, ವಾಸಿಯಾಗಲ್ಲ ಅಂದ್ರು ಡಾಕ್ಟ್ರು. ನಿಂಗೆ ಹೇಳೋಣ ಅಂತಲೇ ಈ ಕಡೆ ಬಂದೆ."

ಇದೂ ಆಟವೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಅವನು ಅವಳ ಕಾಲು ಹಿಡಿದುಕೊಂಡು ಅತ್ತ. "ಏಳೋ, ಹೊಟ್ಟೆಪಾಡು" ಎಂದಳು. ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಅಂದಿನಿಂದ ಅವಳು ಅವನ ಕಣ್ಣೆದುರು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅವನು ಮನೆಯಲ್ಲಿರುವಷ್ಟು ಹೊತ್ತು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಬಾಯಾರಿದರೂ ಅವನು ಹೊರಗೆ ಹೋಗಲೆಂದು ಕಾಯುತ್ತಿದ್ದಳು. ಅವನು ಚೌಕದ ಕಡೆ ತಲೆ ಹಾಕುವುದನ್ನೇ ಬಿಟ್ಟು ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ ಹಿಡಿದ. ಅದರಿಂದೇನೂ ಬದಲಾಗಲಿಲ್ಲ.

ಒಂದು ಭಾನುವಾರ ಅವನಿಗೆ ನಿದ್ದೆ ಹತ್ತಿದೆಯೆಂದು ತಿಳಿದು ಅವಳು ಎದ್ದಳು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಕೂಗಲಿಲ್ಲ. ಒಂದು ಗಂಟೆ ಕಳೆದ ಮೇಲೆ ಅವನೇ ಎದ್ದು ಬಂದು ನೋಡಿದ.

"ಕರೀಬಾರ್ದಿತ್ತೇನೇ ಅಕ್ಕ? ಪಕ್ಕದ ರೂಮಲ್ಲೇ ಇದ್ನಲ್ಲ!"

"ನೀನು ಮಲಗಿದ್ದೆ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಮತ್ತೆ ಅವಳು ನಡೆಯಲಿಲ್ಲ. ಈಗ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಾಸಿಗೆಗೆ ಅವನೇ ಎತ್ತಿಕೊಂಡು ಹೋಗುತ್ತಾನೆ. ಅವನು ಎತ್ತಿದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ.